ಮಾಗಿಯ ಚಳಿಯೂ ಮೋಟಾರಿನ ಮೈಮೇಲಿನ ಗೀರೂ

ಪುಷ್ಯ ಮಾಸದ ಮುಂಜಾವಿನಲ್ಲಿ ಥಾಣೆಯ ಘೋಡಬಂದರ್ ರಸ್ತೆಯಿಂದ ಕಲ್ಯಾಣದ ಖಡಕ್‌ಪಾಡದವರೆಗೆ, ಇತ್ತ ಐರೋಲಿಯಿಂದ ಖಾರಘರದವರೆಗೆ, ಗೃಹಸಂಕೀರ್ಣಗಳ ಅಂಗಳದಲ್ಲಿ ಸಾಲಾಗಿ ನಿಂತ ಕಾರುಗಳನ್ನು ಓದುಗರು ನೋಡಿಯೇ ಇರುತ್ತಾರೆ. ಒಂದೊಂದರ ಮೈಮೇಲೂ ಇಬ್ಬನಿಯ ತೆಳುವಾದ ಪರದೆ. ಅದರಡಿಯಲ್ಲಿ ಹಿಂದಿನ ದಿನದ ಧೂಳು. ಬಕೆಟ್ಟು ಹಿಡಿದು ಬರುವ ಹುಡುಗನು ಒಂದೇ ನೀರಿನಲ್ಲಿ, ಒಂದೇ ಬಟ್ಟೆಯಲ್ಲಿ ಹತ್ತು ಹನ್ನೆರಡು ಕಾರುಗಳನ್ನು ಒರಸಿ, ಬಿಸಿಲೇರುವ ಮೊದಲೇ ತನ್ನ ಕೆಲಸ ಮುಗಿಸುತ್ತಾನೆ. ಅವನನ್ನು ದೂರಿ ಫಲವಿಲ್ಲ. ತಿಂಗಳಿಗೆ ನಾವು ಕೊಡುವ ಹಣಕ್ಕೆ ಅದಕ್ಕಿಂತ ಹೆಚ್ಚಿನ ಸೇವೆಯನ್ನು ಅಪೇಕ್ಷಿಸುವುದೂ ನ್ಯಾಯವಲ್ಲ. ಆದರೆ ಮಳೆಗಾಲದ ನೀರು ತಾನಾಗಿಯೇ ತೊಳೆದುಹಾಕುತ್ತಿದ್ದ ಮರಳು, ಸಿಮೆಂಟು ಮತ್ತು ಇಟ್ಟಿಗೆಯ ಪುಡಿ ಚಳಿಗಾಲದಲ್ಲಿ ಇಬ್ಬನಿಯೊಡನೆ ಸೇರಿ ಅಂಟಿನಂತಾಗುತ್ತದೆ. ಅದರ ಮೇಲೆ ಬಟ್ಟೆ ಎಳೆದರೆ ಪ್ರತಿಯೊಂದು ಕಣವೂ ಒಂದು ಉಳಿಯಾಗುತ್ತದೆ. ಬಿಸಿಲಿಗೆ ಓರೆಯಾಗಿ ನಿಂತು ನೋಡಿದಾಗ ಬಾನೆಟ್ಟಿನ ಮೇಲೆ ಜೇಡನ ಬಲೆಯಂತೆ ಕಾಣುವ ಸೂಕ್ಷ್ಮ ಗೀರುಗಳೆಲ್ಲ ಬಹುಮಟ್ಟಿಗೆ ಹೀಗೆ ಹುಟ್ಟಿದವು.

ಚಳಿಗಾಲಕ್ಕೂ ಗೀರಿಗೂ ಇರುವ ನಂಟು ಇಷ್ಟಕ್ಕೇ ಮುಗಿಯುವುದಿಲ್ಲ. ಆಗಷ್ಟೇ ನಿಂತ ಗಾಡಿಯ ಬಿಸಿ ಬಾನೆಟ್ಟಿನ ಮೇಲೆ ಬೆಕ್ಕು ಮಲಗುವ ಕಾಲವೂ ಇದೇ. ಊರಿನ ನೇಮ, ಕೋಲ, ಆಯನ, ಮದುವೆಗಳಿಗಾಗಿ ನಮ್ಮವರು ಕುಟುಂಬಸಮೇತ ಕಾರು ಹತ್ತುವ ಕಾಲವೂ ಇದೇ. ಪುಣೆ, ಸಾತಾರಾ, ಕೊಲ್ಹಾಪುರ, ಬೆಳಗಾವಿಯ ಹೆದ್ದಾರಿ ಹಿಡಿದರೆ ಕಬ್ಬಿನ ಹಂಗಾಮು. ಎರಡು ಟ್ರಾಲಿಗಳನ್ನು ಜೋಡಿಸಿಕೊಂಡು ಅಗಲಕ್ಕೆ ಮೀರಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ತೂಗಾಡುತ್ತ ಸಾಗುತ್ತವೆ, ಪಕ್ಕದಲ್ಲಿ ಮುಂದೆ ಹೋಗುವ ಕಾರಿನ ಬಾಗಿಲಿಗೆ ಕಬ್ಬಿನ ತುದಿ ತನ್ನ ಸಹಿ ಹಾಕುತ್ತದೆ. ಪನವೇಲ್, ಮಹಾಡ್, ಚಿಪಳೂಣದ ಕರಾವಳಿ ದಾರಿಯಾದರೆ ಪೊದೆಗಳ ಕೊಂಬೆ. ಇಷ್ಟೆಲ್ಲವನ್ನೂ ದಾಟಿ ಊರು ಮುಟ್ಟಿದರೂ ಮನೆಯ ಓಣಿಯಲ್ಲಿ ಒಂದು ಕಡೆ ಮುರಕಲ್ಲಿನ ಪಾಗಾರ, ಇನ್ನೊಂದು ಕಡೆ ತೋಟದ ಮುಳ್ಳುಬೇಲಿ ಕಾದಿರುತ್ತವೆ.

ಹಿಂದಿನ ತಲೆಮಾರಿನ ಎಷ್ಟೋ ಮಂದಿ ತಗಡಿನ ಟ್ರಂಕೊಂದನ್ನು ಹಿಡಿದು ಈ ಕಡೆಗೆ ಬಂದವರು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರು. ಅಂಥವರ ಮನೆಗೆ ಮೊದಲ ಕಾರು ಬಂದರೆ ಅದು ಕೇವಲ ವಾಹನವಲ್ಲ. ಅದರ ಮೇಲೆ ಗೇಣುದ್ದದ ಬಿಳಿಯ ಗೆರೆ ಮೂಡಿದಾಗ ಯಜಮಾನನಿಗೆ ರಾತ್ರಿ ನಿದ್ದೆ ಬರುವುದಿಲ್ಲವೆಂದರೆ ನಗಬೇಕಾದ್ದಿಲ್ಲ. ಮರುದಿನವೇ ಗ್ಯಾರೇಜಿಗೆ ಓಡುತ್ತಾನೆ. ಅಲ್ಲಿಯವನು ಒಮ್ಮೆ ಕಣ್ಣು ಹಾಯಿಸಿ, 'ಶೇಟ್, ಇಡೀ ಬಾಗಿಲಿಗೆ ಬಣ್ಣ ಹೊಡೆಯದೆ ಆಗುವುದಿಲ್ಲ' ಎನ್ನುತ್ತಾನೆ. ಸಾವಿರಗಟ್ಟಲೆ ರೂಪಾಯಿಯ ಲೆಕ್ಕ ಮುಂದಿಟ್ಟು, 'ವಿಮೆ ಇದೆಯಲ್ಲ, ಚಿಂತೆ ಏಕೆ?' ಎಂದೂ ಸಮಾಧಾನ ಹೇಳುತ್ತಾನೆ. ಈ ಎರಡು ಮಾತುಗಳನ್ನೂ ತಕ್ಷಣ ನಂಬಬಾರದೆಂಬುದೇ ನಮ್ಮ ಈ ಬರಹದ ಅಭಿಪ್ರಾಯ.

ಮೊದಲು ಬಣ್ಣವೆಂದರೇನೆಂದು ತಿಳಿಯುವುದು ಒಳ್ಳೆಯದು. ಇಂದಿನ ಕಾರಿನ ಉಕ್ಕಿನ ತಗಡಿನ ಮೇಲೆ ಒಂದರ ಮೇಲೊಂದಾಗಿ ನಾಲ್ಕು ಲೇಪಗಳಿರುತ್ತವೆ. ಎಲ್ಲಕ್ಕಿಂತ ಕೆಳಗಿನದು ವಿದ್ಯುತ್ತಿನ ಸಹಾಯದಿಂದ ತಗಡಿಗೆ ಅಂಟಿಸಿದ ತುಕ್ಕುನಿರೋಧಕ ಲೇಪ; ಅದರ ಮೇಲೆ ಪ್ರೈಮರ್; ಆಮೇಲೆ ನಾವು ಬಣ್ಣವೆಂದು ಕರೆಯುವ ವರ್ಣದ ಲೇಪ; ಎಲ್ಲದರ ಮೇಲೆ ಗಾಜಿನಂತೆ ಪಾರದರ್ಶಕವಾದ ಹೊಳಪಿನ ಲೇಪ. ಈ ಕೊನೆಯದನ್ನು ಕುಶಲಿಗಳು ಕ್ಲಿಯರ್ ಕೋಟ್ ಎನ್ನುತ್ತಾರೆ. ನಾಲ್ಕೂ ಸೇರಿ ದಪ್ಪ ಸಾಮಾನ್ಯವಾಗಿ 100ರಿಂದ 130 ಮೈಕ್ರಾನ್. ಎಂದರೆ ಒಂದು ಮಿಲಿಮೀಟರಿನ ಎಂಟನೆಯ ಒಂದು ಭಾಗದ ಆಸುಪಾಸು. ಪಾರದರ್ಶಕ ಲೇಪವೊಂದೇ ಸುಮಾರು 40 ಮೈಕ್ರಾನ್. ತಲೆಗೂದಲಿನ ಒಂದು ಎಳೆಗಿಂತಲೂ ತೆಳು. ಕಾರ್ಖಾನೆಯಲ್ಲಿ ಇದನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯೊಳಗೆ ಬೇಯಿಸಿ ಗಟ್ಟಿಮಾಡಿರುತ್ತಾರೆ. ಪ್ಲಾಸ್ಟಿಕ್ ಭಾಗಗಳೂ ತಂತಿಗಳೂ ಸೇರಿದ ಮೇಲೆ ಅಷ್ಟು ಶಾಖವನ್ನು ಆ ಗಾಡಿಗೆ ಇನ್ನೆಂದಿಗೂ ಕೊಡಲಾಗದು. ಒಳ್ಳೆಯ ಗ್ಯಾರೇಜಿನ ಬಣ್ಣದ ಕೋಣೆಯಲ್ಲಿ ಹೆಚ್ಚೆಂದರೆ 60 ಡಿಗ್ರಿ. ರಸ್ತೆಬದಿಯ ಕೊಟ್ಟಿಗೆಯಲ್ಲಿ ಆ ದಿನದ ಹವೆಯೇ ಗತಿ. ಆದ್ದರಿಂದ ಕಾರ್ಖಾನೆಯ ಮೂಲ ಬಣ್ಣ ಒಮ್ಮೆ ಹೋದರೆ ಹೋದಂತೆಯೇ. ಒಂದು ಕೂದಲಗೀರಿಗಾಗಿ ಇಡೀ ಬಾಗಿಲಿನ ಮೂಲ ಬಣ್ಣವನ್ನು ಉಜ್ಜಿ ತೆಗೆಸುವವನು ನೆಗಡಿಗೆ ಮೂಗು ಕೊಯ್ಸಿಕೊಂಡಂತೆ.

ಇಲ್ಲಿ ಒಂದು ಹಳೆಯ ಮಾತು ನೆನಪಾಗುತ್ತದೆ. ನಮ್ಮ ಪೇಂಟರುಗಳ ಬಾಯಲ್ಲಿ ಇಂದಿಗೂ ಇರುವ 'ಡೂಕೋ' ಎಂಬ ಶಬ್ದ 1920ರ ದಶಕದಲ್ಲಿ ಅಮೆರಿಕದ ಡುಪಾಂಟ್ ಸಂಸ್ಥೆ ಹೊರತಂದ ಬೇಗನೆ ಒಣಗುವ ಬಣ್ಣದ ಹೆಸರು. ಅದಕ್ಕೆ ಮುಂಚೆ ಒಂದು ಕಾರಿಗೆ ಬಣ್ಣ ಬಳಿದು ಒಣಗಿಸಲು ವಾರಗಳೇ ಹಿಡಿಯುತ್ತಿದ್ದವು. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ ಹೊರಬಂದ ಪದ್ಮಿನಿಯನ್ನು ಇಟ್ಟುಕೊಂಡಿದ್ದವರಿಗೆ ನೆನಪಿರಬಹುದು: ಪಾಲಿಶ್ ಹಾಕಿ ಉಜ್ಜಿದರೆ ಬಟ್ಟೆಗೆ ಕಾರಿನ ಬಣ್ಣವೇ ಹತ್ತುತ್ತಿತ್ತು. ಅದರ ಮೇಲೆ ಪ್ರತ್ಯೇಕವಾದ ಪಾರದರ್ಶಕ ಲೇಪವಿರಲಿಲ್ಲ. ಇಂದಿನ ಕಾರಿನಲ್ಲಿ ಬಟ್ಟೆಗೆ ಬಣ್ಣ ಹತ್ತಿದರೆ ಗೀರು ತೆಗೆಯುವವನು ಪಾರದರ್ಶಕ ಲೇಪವನ್ನು ಪೂರ್ತಿ ಸವೆಸಿಬಿಟ್ಟನೆಂದೇ ಸಾಮಾನ್ಯವಾಗಿ ತಿಳಿಯಬೇಕು. ಆ ಕ್ಷಣವೇ ಕೈ ನಿಲ್ಲಿಸಬೇಕು.

ಗೀರಿನ ಆಳವನ್ನು ಅಳೆಯಲು ಯಾವ ಯಂತ್ರವೂ ಬೇಡ. ಜಾಗವನ್ನು ಚೆನ್ನಾಗಿ ತೊಳೆದು, ಉಗುರನ್ನು ಗೀರಿಗೆ ಅಡ್ಡಲಾಗಿ ಹಗುರವಾಗಿ ಎಳೆಯಬೇಕು. ಉಗುರು ಸಿಕ್ಕಿಕೊಳ್ಳದೆ ಜಾರಿದರೆ ಗೀರು ಮೇಲ್ಪದರದಲ್ಲೇ ಇದೆ. ಒಂದು ಹನಿ ನೀರು ಬಿಟ್ಟಾಗ ಗೆರೆ ಮಾಯವಾಗಿ, ನೀರು ಒಣಗಿದೊಡನೆ ಮತ್ತೆ ಕಾಣಿಸಿಕೊಂಡರೆ ಅದೂ ಶುಭಸೂಚನೆಯೇ. ಉಗುರು ಸಿಕ್ಕಿಕೊಂಡರೆ, ಇಲ್ಲವೆ ಗೆರೆಯೊಳಗೆ ಬೇರೆ ಬಣ್ಣ, ಬೂದು ಪ್ರೈಮರು ಅಥವಾ ಹೊಳೆಯುವ ಲೋಹ ಕಂಡರೆ ಉಜ್ಜುವುದರಿಂದ ಪ್ರಯೋಜನವಿಲ್ಲ. ಇನ್ನೊಂದು ಬಗೆಯೂ ಉಂಟು. ಬಿಳಿಯ ಕಾರಿನ ಮೇಲೆ ಕೆಂಪು ಗೆರೆ ಬಿದ್ದರೆ ಅದು ಗಾಯವಲ್ಲ, ಎದುರಿನ ಗಾಡಿಯೋ ಗೋಡೆಯೋ ತನ್ನ ಬಣ್ಣವನ್ನು ಬಿಟ್ಟುಹೋದ ಗುರುತು. ಬಹಳ ಮಂದಿ ಇದನ್ನು ಕಂಡು ವೃಥಾ ಹೆದರುತ್ತಾರೆ. ಸಾಧಾರಣವಾಗಿ ಇದು ಸ್ವಲ್ಪ ಪಾಲಿಶಿನಿಂದಲೇ ಬಿಟ್ಟುಬರುತ್ತದೆ. ಥಿನ್ನರನ್ನು ಮಾತ್ರ ಹಚ್ಚಕೂಡದು.

ಇನ್ನು ಹವೆಯ ವಿಚಾರ. ಚಳಿಯಲ್ಲಿ ಗೀರು ತೆಗೆಯುವುದು ಹೇಗೆಂದು ವಿವರಿಸುವವರಲ್ಲಿ ಹೆಚ್ಚಿನವರು ಹಿಮ ಬೀಳುವ ದೇಶಗಳವರು. ಟೊರಾಂಟೋದಲ್ಲಿರುವ ನಮ್ಮ ಬಂಧುಗಳಿಗೆ ಅವರ ಮಾತು ಅನ್ವಯಿಸುತ್ತದೆ. ಅಲ್ಲಿ ರಸ್ತೆಗೆ ಚೆಲ್ಲಿದ ಉಪ್ಪು, ಶೂನ್ಯಕ್ಕಿಂತ ಕೆಳಗಿನ ಶೀತ, ಕಾವು ಕೊಟ್ಟ ಗ್ಯಾರೇಜು. ನಮ್ಮ ಥಾಣೆ, ಡೊಂಬಿವಲಿಗಳಲ್ಲಿ ಜನವರಿಯ ಬೆಳಗಿನ ಶೀತ ಬಹುಮಟ್ಟಿಗೆ 15ರಿಂದ 18 ಡಿಗ್ರಿ. ಕಲ್ಯಾಣದಾಚೆ ಬದಲಾಪುರದ ಕಡೆಗೆ ಕೆಲವು ದಿನ ಇನ್ನೂ ಕಡಿಮೆ. ಮಧ್ಯಾಹ್ನಕ್ಕೆ ಅದೇ 30ಕ್ಕೆ ಏರುತ್ತದೆ. ಎಂದಮೇಲೆ ಇಲ್ಲಿಯ ವೈರಿ ಶೀತಕ್ಕಿಂತ ಹೆಚ್ಚಾಗಿ ತೇವ. ರಾತ್ರಿಯ ನಿರ್ಮಲ ಆಕಾಶಕ್ಕೆ ತನ್ನ ಶಾಖವನ್ನು ಬಿಟ್ಟುಕೊಡುವ ತಗಡು ಸುತ್ತಣ ಗಾಳಿಗಿಂತಲೂ ತಣ್ಣಗಾಗುತ್ತದೆ. ಆದ್ದರಿಂದಲೇ ನೆಲ ಒಣಗಿದ್ದರೂ ಕಾರಿನ ಮೇಲೆ ಇಬ್ಬನಿ ಕಟ್ಟುತ್ತದೆ. ಕಣ್ಣಿಗೆ ಒಣಗಿದಂತೆ ಕಂಡರೂ ಗೀರಿನ ಸಂದಿಯಲ್ಲಿ, ಬಾಗಿಲಿನ ಅಂಚಿನಲ್ಲಿ ತೇವ ಉಳಿದಿರುತ್ತದೆ. ಅದರ ಮೇಲೆ ಬಣ್ಣ ಹಚ್ಚಿದರೆ ಬಣ್ಣ ಹಿಡಿಯುವುದಿಲ್ಲ. ಅಷ್ಟೇ ಅಲ್ಲ, ಬಣ್ಣದೊಳಗಿನ ದ್ರಾವಕ ಆವಿಯಾಗುವಾಗ ತಗಡು ಇನ್ನಷ್ಟು ತಣ್ಣಗಾಗಿ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹಚ್ಚಿದ ಜಾಗ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಕಡುಬಣ್ಣದ ಕಾರುಗಳಲ್ಲಿ ಈ ಮಬ್ಬು ಗೀರಿಗಿಂತಲೂ ಅಸಹ್ಯವಾಗಿ ಕಾಣುತ್ತದೆ.

ಆದಕಾರಣ ನಮ್ಮ ಪ್ರದೇಶದಲ್ಲಿ ಈ ಕೆಲಸಕ್ಕೆ ತಕ್ಕ ಹೊತ್ತು ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ, ಸ್ಥಳ ನೆರಳು. ಗಾಡಿಯನ್ನು ಮೊದಲು ಒಂದು ಗಂಟೆ ಎಳೆಬಿಸಿಲಿನಲ್ಲಿ ನಿಲ್ಲಿಸಿ, ಆಮೇಲೆ ನೆರಳಿಗೆ ತಂದು, ತಗಡು ಅಂಗೈಗೆ ತಣ್ಣಗೂ ಅಲ್ಲ ಬಿಸಿಯೂ ಅಲ್ಲ ಎನ್ನಿಸಿದಾಗ ಕೈ ಹಚ್ಚಬೇಕು. ಚಳಿಯೆಂದು ಕುದಿನೀರು ಹುಯ್ಯುವವರನ್ನು ನಾವು ಕಂಡಿದ್ದೇವೆ. ಇದು ಸರ್ವಥಾ ಕೂಡದು. ಸಂದಿಯ ತೇವ ಆರಿಸಲು ಕೂದಲು ಒಣಗಿಸುವ ಯಂತ್ರವನ್ನು ಮೊಳದಷ್ಟು ದೂರ ಹಿಡಿದು ಒಂದೆರಡು ನಿಮಿಷ ಹಾಯಿಸಿದರೆ ಸಾಕು.

ಉಗುರಿಗೆ ಸಿಗದ ಗೀರಿಗೆ ಬೇಕಾದ ಸಾಮಗ್ರಿ ಅಲ್ಪ: ಕಾರಿನ ಶಾಂಪೂ, ಎರಡು ಬಕೆಟ್ಟು, ಮೂರು ನಾಲ್ಕು ಮೈಕ್ರೋಫೈಬರ್ ಬಟ್ಟೆ, ನುಣುಪಾದ ರಬ್ಬಿಂಗ್ ಕಾಂಪೌಂಡಿನ ಒಂದು ಚಿಕ್ಕ ಟ್ಯೂಬು, ಪಾಲಿಶ್, ಮೇಣ. ಪಾತ್ರೆ ತೊಳೆಯುವ ಸಾಬೂನು ಬೇಡ. ಅದು ಮೊದಲೇ ಇದ್ದ ಮೇಣವನ್ನು ತೆಗೆದುಬಿಡುತ್ತದೆ. ಎರಡು ಬಕೆಟ್ಟುಗಳೇಕೆಂದರೆ, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆಯ ಮರಳನ್ನು ತೊಳೆದುಬಿಡುವ ಬರಿಯ ನೀರು. ಮೊದಲು ಉಜ್ಜದೆ ನೀರು ಹುಯ್ದು ಧೂಳನ್ನು ಹರಿಯಬಿಡಬೇಕು. ಡೊಂಬಿವಲಿಯ ಔದ್ಯೋಗಿಕ ವಲಯದ ಸಮೀಪ ಇರುವವರು ಈ ಹಂತದಲ್ಲಿ ಇನ್ನಷ್ಟು ಎಚ್ಚರವಹಿಸಬೇಕೆಂಬುದು ನಮ್ಮ ಸಲಹೆ. 2020ರ ಫೆಬ್ರವರಿಯಲ್ಲಿ ಅಲ್ಲಿನ ರಸ್ತೆಯೊಂದು ರಾಸಾಯನಿಕದಿಂದ ಗುಲಾಬಿ ಬಣ್ಣಕ್ಕೆ ತಿರುಗಿದ್ದು ಓದುಗರಿಗೆ ನೆನಪಿರಬಹುದು. ಅಂತಹ ನೆರೆಯಲ್ಲಿ ಕಾರಿನ ಮೇಲೆ ಬಿದ್ದದ್ದೆಲ್ಲ ಬರಿಯ ಮಣ್ಣೆಂದು ನಂಬಲಾಗದು.

ಒಣಗಿದ ಮೇಲೆ ಒದ್ದೆಮಾಡಿ ಹಿಂಡಿದ ಮೆತ್ತನೆಯ ಬಟ್ಟೆಗೆ ಕಡಲೆಕಾಳಿನಷ್ಟು ಕಾಂಪೌಂಡ್ ತೆಗೆದುಕೊಂಡು, ಗೀರಿನ ಮೇಲೂ ಅದರ ಆಚೀಚೆ ನಾಲ್ಕು ಬೆರಳಗಲವೂ ಹಗುರವಾಗಿ ತಿಕ್ಕಬೇಕು. ಬಲ ಪ್ರಯೋಗ ಬೇಡ; ಮಗುವಿಗೆ ಎಣ್ಣೆ ಹಚ್ಚುವ ಕೈ ಇದ್ದರೆ ಸಾಕು. ಒಂದು ನಿಮಿಷವಾದ ಮೇಲೆ ಒರಸಿ ಬೆಳಕಿಗೆ ಓರೆಯಾಗಿ ನೋಡಬೇಕು. ಚಳಿಯ ದಿನ ಕಾಂಪೌಂಡ್ ಗಟ್ಟಿಯಾಗಿದ್ದು ಬೇಗ ಹರಡದು. ಟ್ಯೂಬನ್ನು ಮನೆಯೊಳಗಿಟ್ಟು, ಬಳಸುವ ಮುನ್ನ ಕೈಯಲ್ಲಿ ಹಿಡಿದು ಬೆಚ್ಚಗಾಗಿಸಿದರೆ ಈ ತೊಂದರೆ ಇಲ್ಲ. ಕಾರಿನ ಅಂಚು, ಮೂಲೆ, ಉಬ್ಬುಗೆರೆಗಳ ಮೇಲೆ ಬಣ್ಣ ಅತ್ಯಂತ ತೆಳುವಾಗಿರುವುದರಿಂದ ಅಲ್ಲಿ ಅಂಟುಪಟ್ಟಿ ಹಚ್ಚಿ ಮರೆಮಾಡುವುದು ಕ್ಷೇಮ. ಎರಡು ಮೂರು ಸುತ್ತಿಗೆ ಗೆರೆ ಮಾಸದಿದ್ದರೆ ನಿಲ್ಲಿಸಬೇಕು. ಗೀರನ್ನು ತೆಗೆಯುವುದೆಂದರೆ ಸುತ್ತಲಿನ ಲೇಪವನ್ನು ಗೀರಿನ ತಳದವರೆಗೆ ಇಳಿಸುವುದು. ಹಾಗಿರುವಾಗ ನೂರಕ್ಕೆ ನೂರು ತೆಗೆಯುವ ಹಟ ಹಿಡಿದವನು ತನ್ನ 40 ಮೈಕ್ರಾನಿನ ಬಂಡವಾಳವನ್ನೇ ತಿನ್ನುತ್ತಾನೆ. ಎರಡು ಮೊಳ ದೂರದಿಂದ ಕಾಣದಷ್ಟು ಮಾಸಿದರೆ ನಮ್ಮ ದೃಷ್ಟಿಯಲ್ಲಿ ಅದು ಜಯವೇ. ಆಮೇಲೆ ಪಾಲಿಶ್, ಕೊನೆಗೆ ಮೇಣ. 2000 ನಂಬರಿನ ನೀರುಕಾಗದದಿಂದ ಉಜ್ಜಿ ತೆಗೆಯುವ ವಿಧಾನವೂ ಇದೆ. ಅದು ಕೈ ಪಳಗಿದವರ ಕೆಲಸ.

ಮನೆಮದ್ದುಗಳ ಬಗ್ಗೆ ಒಂದು ಮಾತು. ಹಲ್ಲುಜ್ಜುವ ಪೇಸ್ಟಿನಲ್ಲಿ ಸುಣ್ಣದ ಅಥವಾ ಸಿಲಿಕಾದ ನುಣುಪು ಪುಡಿ ಇರುವುದರಿಂದ ಅತಿ ಸೂಕ್ಷ್ಮ ಗೀರನ್ನು ಅದು ಕೊಂಚ ಮಾಸಿಸುವುದು ನಿಜ. ಆದರೆ ಅದರ ಕಣಗಳನ್ನು ಹಲ್ಲಿಗಾಗಿ ಆರಿಸಿದ್ದಾರೆ, ಕಾರಿಗಾಗಿ ಅಲ್ಲ. ಹೊಳಪು ಕುಂದುವ ಸಂಭವವುಂಟು. ಇನ್ನು ತೆಂಗಿನೆಣ್ಣೆ! ನಮ್ಮವರಿಗೆ ಅದರಿಂದ ಆಗದ ಕಾರ್ಯವಿಲ್ಲವೆಂಬ ನಂಬಿಕೆ. ಹಚ್ಚಿದೊಡನೆ ಗೀರು ಮಾಯವಾಗುವುದೂ ಹೌದು, ಏಕೆಂದರೆ ಎಣ್ಣೆ ಸಂದಿಯನ್ನು ತುಂಬುತ್ತದೆ. ಎರಡನೆಯ ದಿನ ಅದಕ್ಕೆ ಧೂಳು ಹತ್ತಿ ಗೆರೆ ಮೊದಲಿಗಿಂತ ಕಪ್ಪಾಗಿ ಮೆರೆಯುತ್ತದೆ.

ಲೋಹ ಕಾಣುವಷ್ಟು ಆಳವಾದ ಗೀರಿನ ಪ್ರಶ್ನೆಯೇ ಬೇರೆ. ಖಾಡಿಯ ಉಪ್ಪುಗಾಳಿ ಬೀಸುವ ಐರೋಲಿ, ವಾಶಿ, ಬೇಲಾಪುರಗಳಲ್ಲಿ, ಊರಿಗೆ ಹೋದರೆ ಉಡುಪಿ, ಮಂಗಳೂರಿನ ಕಡಲತಡಿಯಲ್ಲಿ, ಇದನ್ನು ವಾರಗಟ್ಟಲೆ ಬಿಟ್ಟರೆ ತುಕ್ಕು ಬಣ್ಣದಡಿಯಲ್ಲಿ ಹಬ್ಬುತ್ತದೆ. ರಾತ್ರಿಯ ಇಬ್ಬನಿ ಅದಕ್ಕೆ ನಿತ್ಯ ನೀರೆರೆಯುತ್ತದೆ. ಇದಕ್ಕೆ ಟಚ್‌ಅಪ್ ಬಣ್ಣದ ಪುಟ್ಟ ಶೀಶೆ ಸಿಗುತ್ತದೆ. ಬಿಳಿಯೆಂದರೆ ಎಲ್ಲ ಬಿಳಿಯೂ ಒಂದಲ್ಲವಾದ್ದರಿಂದ ಕಾರಿನ ವರ್ಣಸಂಕೇತವನ್ನು ನೋಡಿಕೊಂಡೇ ಕೊಳ್ಳಬೇಕು. ಅದು ಅನೇಕ ಕಾರುಗಳಲ್ಲಿ ಬಾನೆಟ್ಟಿನ ಕೆಳಗಿನ ಫಲಕದಲ್ಲೋ ಬಾಗಿಲ ಕಂಬದ ಚೀಟಿಯಲ್ಲೋ ಬರೆದಿರುತ್ತದೆ. ಶೀಶೆಯ ಜೊತೆಗಿರುವ ಕುಂಚ ಗೀರಿಗಿಂತ ದಪ್ಪವಿರುವುದರಿಂದ ಹಲ್ಲುಕಡ್ಡಿಯ ತುದಿಯಿಂದ ಗೆರೆಯೊಳಗೆ ಮಾತ್ರ ತೆಳುವಾಗಿ ತುಂಬುವುದು ಮೇಲು. ಲೋಹ ಕಂಡಲ್ಲಿ ಮೊದಲು ಪ್ರೈಮರು, ಆಮೇಲೆ ಬಣ್ಣ, ಆಮೇಲೆ ಪಾರದರ್ಶಕ ಲೇಪ. ಶೀತದಲ್ಲಿ ಬಣ್ಣ ಗಟ್ಟಿಯಾಗುವ ಕ್ರಿಯೆ ನಿಧಾನವಾಗುತ್ತದೆ. ಬೇಸಗೆಯಲ್ಲಿ ಒಂದು ಲೇಪಕ್ಕೂ ಇನ್ನೊಂದಕ್ಕೂ ನಡುವೆ ಬಿಡುವ ಕಾಲಕ್ಕೆ ಎರಡರಷ್ಟು ಬಿಡಬೇಕೆಂದು ಲೆಕ್ಕ ಹಿಡಿದರೆ ತಪ್ಪಾಗದು. ಸಂಜೆ 4ರ ಮೇಲೆ ಹಚ್ಚಿದ ಬಣ್ಣ ಇಬ್ಬನಿಗೆ ಸಿಕ್ಕುತ್ತದೆ. ಗಟ್ಟಿಗೊಳಿಸುವ ದ್ರವ ಬೆರೆಸಿದ ಸ್ಪ್ರೇ ಡಬ್ಬಿಗಳನ್ನು ಮನೆಯಲ್ಲಿ ಬಳಸಬೇಡಿರೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಅವುಗಳಲ್ಲಿರುವ ಐಸೋಸಯನೇಟ್ ಶ್ವಾಸಕೋಶಕ್ಕೆ ಅಪಾಯಕರ. ಬಂಪರು ಪ್ಲಾಸ್ಟಿಕ್ಕಿನದಾದ್ದರಿಂದ ಅದಕ್ಕೆ ತುಕ್ಕಿನ ಭಯವಿಲ್ಲ. ಅಲ್ಲಿಯ ಗೀರು ಊರಿನಿಂದ ಬಂದ ಮೇಲೂ ಕಾಯಬಲ್ಲುದು.

ವಿಮೆಯ ಲೆಕ್ಕವನ್ನೂ ನೋಡಿಬಿಡೋಣ. ಒಂದು ವರ್ಷ ಪರಿಹಾರ ಕೇಳದಿದ್ದರೆ ಸ್ವಂತ ಹಾನಿಯ ಕಂತಿನಲ್ಲಿ ನೂರಕ್ಕೆ 20ರ ರಿಯಾಯಿತಿ. ಮುಂದೆ ವರ್ಷದಿಂದ ವರ್ಷಕ್ಕೆ 25, 35, 45, ಕೊನೆಗೆ 50. ಒಮ್ಮೆ ಪರಿಹಾರ ಪಡೆದರೆ, ಬೋನಸ್ ರಕ್ಷಣೆಯ ಹೆಚ್ಚುವರಿ ಕರಾರು ಇಲ್ಲದವರಿಗೆ, ಎಲ್ಲವೂ ಸೊನ್ನೆ. ಸ್ವಂತ ಹಾನಿಯ ಕಂತು 10,000 ರೂಪಾಯಿ, ರಿಯಾಯಿತಿ ನೂರಕ್ಕೆ 50 ಎಂದಿಟ್ಟುಕೊಳ್ಳೋಣ. ಬಾಗಿಲಿನ ಬಣ್ಣಕ್ಕೆ 4,000 ರೂಪಾಯಿ ತಗುಲಿ, ಕಡ್ಡಾಯವಾಗಿ ನಾವೇ ತೆರಬೇಕಾದ 1,000 ಕಳೆದರೆ ಕೈಗೆ ಬರುವುದು 3,000. ಮರುವರ್ಷವೇ 5,000 ಹೆಚ್ಚು ತೆರಬೇಕು. ಕಂತು ಅಷ್ಟೇ ಉಳಿದರೆ ಮೊದಲಿನ ರಿಯಾಯಿತಿಯ ಮಟ್ಟ ತಲುಪುವವರೆಗಿನ ಐದು ವರ್ಷಗಳಲ್ಲಿ ಒಟ್ಟು ನಷ್ಟ 12,500. ಗ್ಯಾರೇಜಿನವನು ಈ ಲೆಕ್ಕ ಹೇಳುವುದಿಲ್ಲ. ಹೇಳಬೇಕೆಂದು ಅವನಿಗೆ ಯಾವ ಕಟ್ಟೂ ಇಲ್ಲ.

ಆದರೂ ಬಣ್ಣ ಹೊಡೆಸಲೇಬೇಕಾದ ಸಂದರ್ಭ ಬರುತ್ತದೆ. ಆಗ ಬೆಲೆ ಕೇಳುವ ಮುನ್ನ, ಮುಚ್ಚಿದ ಬಣ್ಣದ ಕೋಣೆ ಇದೆಯೇ, ಒಣಗಿಸಲು ಶಾಖ ಕೊಡುತ್ತಾರೆಯೇ ಎಂದು ಕೇಳಬೇಕು. ಇಲ್ಲವೆಂದರೆ ಜನವರಿಯಲ್ಲಿ ಕೊಡುವುದಕ್ಕಿಂತ ಲೋಹ ಕಂಡ ಜಾಗಕ್ಕೆ ಪ್ರೈಮರು ಮುಟ್ಟಿಸಿ ಫಾಲ್ಗುಣದವರೆಗೆ ತಡೆಯುವುದು ವಾಸಿ. ಗಾಡಿಯನ್ನು ಹಗಲು ಬೆಳಕಿನಲ್ಲೇ ಮರಳಿ ಪಡೆಯಬೇಕು. ಟ್ಯೂಬ್‌ಲೈಟಿನಡಿಯಲ್ಲಿ ಒಂದಾಗಿ ಕಂಡ ಎರಡು ಬಾಗಿಲುಗಳು ಬಿಸಿಲಿಗೆ ಬಂದಾಗ ಬೇರೆ ಬೇರೆ ಬಣ್ಣವಾಗುವುದುಂಟು. ಹೊಸ ಬಣ್ಣದೊಳಗಿನ ದ್ರಾವಕ ಪೂರ್ತಿ ಹೊರಹೋಗಲು ಚಳಿಗಾಲದಲ್ಲಿ ವಾರಗಳು ಬೇಕಾದ್ದರಿಂದ ಒಂದು ತಿಂಗಳು ಅದಕ್ಕೆ ಮೇಣ ಹಚ್ಚಬಾರದು, ಪ್ಲಾಸ್ಟಿಕ್ ಹೊದಿಕೆ ಹೊದಿಸಬಾರದು. ಬಕೆಟ್ಟಿನ ಹುಡುಗನಿಗೂ ಆ ಬಾಗಿಲನ್ನು ಅಷ್ಟು ದಿನ ಮುಟ್ಟದಂತೆ ಹೇಳಿ, ನಾವೇ ಬರಿಯ ನೀರಿನಲ್ಲಿ ತೊಳೆದುಕೊಳ್ಳಬೇಕು.